ಸಿ.ಟಿ. ಸ್ಕ್ಯಾನ್: ಬೆಂಗಳೂರಿನ ಗಣಿತ, ರಾಯಚೂರಿನ ದಾರಿ

ದೇಹದ ಸುತ್ತ ಹಲವು ಕೋನಗಳಿಂದ ಎಕ್ಸ್-ರೇ ಹಾಯಿಸಿ, ಒಳಭಾಗವನ್ನು ಪದರ ಪದರವಾಗಿ ತೋರಿಸುವ ವಿಧಾನವೇ ಸಿ.ಟಿ. ಸ್ಕ್ಯಾನ್. 1895ರಲ್ಲಿ ರಾಂಟ್ಜೆನ್ ಎಕ್ಸ್-ರೇ ಕಂಡುಹಿಡಿದ ಮೇಲೆ ಮುರಿದ ಮೂಳೆ ಕಣ್ಣಿಗೆ ಬಿತ್ತು. ತಲೆಬುರುಡೆಯೊಳಗಿನ ಮೆದುಳು ಮಾತ್ರ ಇನ್ನೂ ಮುಕ್ಕಾಲು ಶತಮಾನ ಮಸುಕಾಗಿಯೇ ಉಳಿಯಿತು. ಒಂದರ ಮೇಲೊಂದು ಬಿದ್ದ ನೆರಳುಗಳನ್ನು ಬಿಡಿಸಿ ಒಂದೊಂದನ್ನೂ ಅದರದರ ಜಾಗದಲ್ಲಿ ಇಡಲು ಗಣಿತವೇ ಬೇಕಿತ್ತು.

ಆ ಗಣಿತದಲ್ಲಿ ಬೆಂಗಳೂರಿನ ಪಾಲು ದೊಡ್ಡದು. ಸಿ.ವಿ. ರಾಮನ್ ಅವರ ಶಿಷ್ಯರಾದ ಜಿ.ಎನ್. ರಾಮಚಂದ್ರನ್, ಕೊಲಾಜನ್ ಎಂಬ ಪ್ರೋಟೀನಿನ ಮೂರೆಳೆಯ ರಚನೆಯನ್ನು 1954ರಲ್ಲಿ ಮದರಾಸಿನಲ್ಲಿ ವಿವರಿಸಿ ಹೆಸರಾಗಿದ್ದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಮರಳಿದ ಅವರು ಎ.ವಿ. ಲಕ್ಷ್ಮೀನಾರಾಯಣನ್ ಜೊತೆಗೂಡಿ 1971ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಆವರೆಗೆ ಚಿತ್ರ ಕಟ್ಟಲು ಸಾಮಾನ್ಯವಾಗಿ ಅಳತೆಗಳನ್ನು ಅಲೆಗಳಾಗಿ ಬಿಡಿಸುವ ಫೂರಿಯೇ ಪರಿವರ್ತನೆಯ ದೀರ್ಘ ಲೆಕ್ಕ ಮಾಡಬೇಕಿತ್ತು. ಪ್ರತಿ ಕೋನದ ಅಳತೆಯನ್ನು ಮೊದಲು ಸೋಸಿ, ಆಮೇಲೆ ಬಂದ ದಾರಿಯಲ್ಲೇ ಹಿಂದಕ್ಕೆ ಹರಡಿದರೆ ಸಾಕು ಎಂದು ಇಬ್ಬರೂ ತೋರಿಸಿದರು. ರೇಡಿಯೊ ಖಗೋಳದಲ್ಲಿ ಬ್ರೇಸ್‌ವೆಲ್ ಮತ್ತು ರಿಡಲ್ 1967ರಲ್ಲೇ ಇಂಥ ದಾರಿ ಹಿಡಿದಿದ್ದರು. ಆದರೂ ಆ ಸೋಸುವ ಸೂತ್ರ ಇಂದಿಗೂ ಜಗತ್ತಿನಾದ್ಯಂತ ಈ ಇಬ್ಬರ ಹೆಸರಿನ ಮೊದಲಕ್ಷರಗಳಿಂದ 'ರಾಮ್-ಲಾಕ್' ಎಂದೇ ಬಳಕೆಯಲ್ಲಿದೆ. ಬೆಂಗಳೂರಿನ ಈ ಕೊಡುಗೆ ನಮ್ಮ ಶಾಲೆಯ ಪುಸ್ತಕಗಳಲ್ಲಿ ಇನ್ನಷ್ಟು ದೊಡ್ಡದಾಗಿ ಕಾಣಬೇಕು.

ಅದೇ 1971ರ ಅಕ್ಟೋಬರ್ 1ರಂದು ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಗಾಡ್‌ಫ್ರಿ ಹೌನ್ಸ್‌ಫೀಲ್ಡ್ ಅವರ ಯಂತ್ರ ಮೊದಲ ರೋಗಿಯ ಮೆದುಳನ್ನು ಚಿತ್ರಿಸಿತು. ಅದಕ್ಕೂ ಮೊದಲಿನ ಅವರ ಪ್ರಯೋಗಾಲಯದ ಮಾದರಿಗೆ ಒಂದು ವಸ್ತುವನ್ನು ಅಳೆಯಲು 9 ದಿನ ಹಿಡಿದಿತ್ತು! ಹೌನ್ಸ್‌ಫೀಲ್ಡ್ ಯಂತ್ರದ ಲೆಕ್ಕದ ಬಗೆ ಬೆಂಗಳೂರಿನದಕ್ಕಿಂತ ಬೇರೆಯಾಗಿತ್ತು. ನಂತರದ ಯಂತ್ರಗಳು ಸೋಸಿ ಹರಡುವ ವಿಧಾನಕ್ಕೆ ಹೊರಳಿದವು. 1979ರ ವೈದ್ಯಕೀಯ ನೊಬೆಲ್ ಹೌನ್ಸ್‌ಫೀಲ್ಡ್ ಮತ್ತು ಇದೇ ಗಣಿತದ ಮೇಲೆ ದುಡಿದಿದ್ದ ಅಲನ್ ಕಾರ್ಮಾಕ್ ಅವರಿಗೆ ಸಂದಿತು.

ಮುಂದಿನ ವೇಗಕ್ಕೆ ಒಂದು ಕಾರಣ ಕಿರಣವನ್ನು ಹಿಡಿದು ಅಳೆಯುವ ಹೊಸ ವಸ್ತುಗಳು. ಮೊದಲಿಗೆ ಬಳಸಿದ ಸೋಡಿಯಂ ಅಯೋಡೈಡ್ ಹರಳು ಕಿರಣ ನಿಂತ ಮೇಲೂ ಕ್ಷಣಕಾಲ ಮಿನುಗುತ್ತ ಅಳತೆ ಕೆಡಿಸುತ್ತಿತ್ತು. ಕ್ಯಾಡ್ಮಿಯಂ ಟಂಗ್‌ಸ್ಟೇಟ್, ಗ್ಯಾಡೊಲಿನಿಯಂ ಸೆರಾಮಿಕ್‌ಗಳು ಅದರ ಜಾಗಕ್ಕೆ ಬಂದವು. ಇವೆಲ್ಲವೂ ಕಿರಣವನ್ನು ಮೊದಲು ಬೆಳಕಾಗಿಸಿ, ಆಮೇಲೆ ವಿದ್ಯುತ್ತಾಗಿಸುವಂಥವು. 2021ರಲ್ಲಿ ಅಮೆರಿಕದ ಅನುಮತಿ ಪಡೆದ ಹೊಸ ಯಂತ್ರದಲ್ಲಿ ಕ್ಯಾಡ್ಮಿಯಂ ಟೆಲ್ಯುರೈಡ್ ಎಂಬ ಅರೆವಾಹಕ ಒಂದೊಂದೇ ಎಕ್ಸ್-ರೇ ಕಣವನ್ನು ನೇರವಾಗಿ ಎಣಿಸುತ್ತದೆ.

ಇಂಥ ಯಂತ್ರ ರೋಗಿಗೆ ಸಿಗುವುದು ಆಸ್ಪತ್ರೆಯಲ್ಲಿ, ಹಾಗಾಗಿ ರಾಯಚೂರಿನ ಮಟ್ಟಿಗೆ ಈ ಕಥೆ ಆಸ್ಪತ್ರೆಗಳದ್ದು. ತೈಲ ರಫ್ತು ದೇಶಗಳ ಓಪೆಕ್ ನಿಧಿಯ ನೆರವಿನಿಂದ ಎದ್ದ ರಾಜೀವ್ ಗಾಂಧಿ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಯನ್ನು ಜನ ಇಂದಿಗೂ 'ಓಪೆಕ್ ಆಸ್ಪತ್ರೆ' ಎನ್ನುತ್ತಾರೆ. ಶುರುವಿನ ವರ್ಷಗಳಲ್ಲಿ ಸರ್ಕಾರದ ಒಪ್ಪಂದದಡಿ ಅಪೋಲೊ ಸಂಸ್ಥೆ ಅದನ್ನು ನಡೆಸಿತು. 2007ರಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ರಿಮ್ಸ್ ಶುರುವಾಯಿತು.

ಸ್ಕ್ಯಾನ್ ಹತ್ತಿರದಲ್ಲಿರುವುದು ಯಾಕೆ ಮುಖ್ಯ ಎಂಬುದಕ್ಕೆ ಲಕ್ವವೇ ಉದಾಹರಣೆ. ಮೆದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿ ಲಕ್ವ ಹೊಡೆದವರಿಗೆ ಹೆಪ್ಪು ಕರಗಿಸುವ ಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಅದಕ್ಕೂ ಮುಂಚೆ ಸ್ಕ್ಯಾನ್ ಆಗಲೇಬೇಕು, ಯಾಕೆಂದರೆ ಮೆದುಳಿನಲ್ಲಿ ರಕ್ತ ಸೋರಿದ್ದರೆ ಅದೇ ಮದ್ದು ಪ್ರಾಣ ತೆಗೆದೀತು. ಜಿಲ್ಲೆಯ ತಾಲ್ಲೂಕು ಕೇಂದ್ರಗಳಾದ ಮಾನ್ವಿ, ದೇವದುರ್ಗ ಎರಡೂ ರಾಯಚೂರಿನಿಂದ 50 ಕಿ.ಮೀ. ಆಸುಪಾಸಿನಲ್ಲಿವೆ; ಹಳ್ಳಿಯಿಂದ ತಾಲ್ಲೂಕಿಗೆ, ತಾಲ್ಲೂಕಿನಿಂದ ಜಿಲ್ಲೆಗೆ ಬರುವಷ್ಟರಲ್ಲೇ ಆ ಹೊತ್ತು ಕರಗುತ್ತದೆ. ಹೆಚ್ಚಿನ ಚಿಕಿತ್ಸೆಗೆ ಹೈದರಾಬಾದ್ ಅಥವಾ ಬೆಂಗಳೂರಿನ ದಾರಿ ಹಿಡಿಯುವುದು ಇಲ್ಲಿನ ಹಳೆಯ ರೂಢಿ. ರಾಯಚೂರಿಗೆ ಕೇಂದ್ರ ಸರ್ಕಾರದ ದೊಡ್ಡ ಆಸ್ಪತ್ರೆ ಏಮ್ಸ್ ಬೇಕೆಂದು 2022ರ ಮೇ ತಿಂಗಳಲ್ಲಿ ನಗರದಲ್ಲಿ ಶುರುವಾದ ಧರಣಿ ಸಾವಿರ ದಿನ ದಾಟಿತು. ಇತ್ತ ಗಣಿತವೂ ರಾಯಚೂರಿಗೆ ಬಂದಿದೆ: 2019ರಲ್ಲಿ ಐಐಟಿ ಹೈದರಾಬಾದಿನ ಮಾರ್ಗದರ್ಶನದಲ್ಲಿ ಆರಂಭವಾದ ರಾಯಚೂರು ಐಐಐಟಿಯಲ್ಲಿ ಕೃತಕ ಬುದ್ಧಿಮತ್ತೆ ಮತ್ತು ದತ್ತಾಂಶ ವಿಜ್ಞಾನದ ಪಾಠ ನಡೆಯುತ್ತಿದೆ.