ದಿ ಹಿಸ್ಟೋರಿಯನ್ (ಕಾದಂಬರಿ)

ದಿ ಹಿಸ್ಟೋರಿಯನ್ ಅಮೆರಿಕದ ಲೇಖಕಿ ಎಲಿಜಬೆತ್ ಕೊಸ್ಟೋವಾ ಅವರ ಮೊದಲ ಕಾದಂಬರಿ. ಇದನ್ನು ಲಿಟ್ಲ್, ಬ್ರೌನ್ ಪ್ರಕಾಶನ ಸಂಸ್ಥೆಯು 2005ರ ಜೂನ್ ತಿಂಗಳಲ್ಲಿ ಪ್ರಕಟಿಸಿತು. ಹದಿನೈದನೆಯ ಶತಮಾನದಲ್ಲಿ ವಲಾಕಿಯಾವನ್ನು ಆಳಿದ ಮೂರನೆಯ ವ್ಲಾಡ್ ಎಂಬ ಐತಿಹಾಸಿಕ ಅರಸನನ್ನೂ ಐರ್ಲೆಂಡಿನ ಲೇಖಕ ಬ್ರಾಮ್ ಸ್ಟೋಕರ್ ಸೃಷ್ಟಿಸಿದ ಡ್ರಾಕುಲಾ ಎಂಬ ರಕ್ತಪಿಶಾಚಿಯನ್ನೂ ಒಂದೇ ವ್ಯಕ್ತಿಯಾಗಿ ಕಲ್ಪಿಸಿ ಈ ಕೃತಿಯನ್ನು ರಚಿಸಲಾಗಿದೆ. ಮಾರಾಟದಲ್ಲಿ ಅಸಾಧಾರಣ ಯಶಸ್ಸು ಗಳಿಸಿದ ಈ ಕಾದಂಬರಿಯು ವಿಮರ್ಶಕರಿಂದಲೂ ಓದುಗರಿಂದಲೂ ಮಿಶ್ರ ಪ್ರತಿಕ್ರಿಯೆಯನ್ನು ಪಡೆಯಿತು. ಒಂದು ವರ್ಗದ ಓದುಗರು ಮೆಚ್ಚಿದ ಗುಣಗಳನ್ನೇ ಮತ್ತೊಂದು ವರ್ಗದವರು ದೋಷಗಳೆಂದು ಎಣಿಸಿದ್ದು ಈ ಪ್ರತಿಕ್ರಿಯೆಯ ವಿಶೇಷ.

ರಚನೆ ಮತ್ತು ಪ್ರಕಟಣೆ

ಕೊಸ್ಟೋವಾ ಅವರು 1964ರಲ್ಲಿ ಅಮೆರಿಕದ ಕನೆಕ್ಟಿಕಟ್ ರಾಜ್ಯದ ನ್ಯೂ ಲಂಡನ್‌ನಲ್ಲಿ ಜನಿಸಿದರು. ಪ್ರಾಧ್ಯಾಪಕರಾಗಿದ್ದ ಅವರ ತಂದೆ 1972ರಲ್ಲಿ ಅಂದಿನ ಯುಗೊಸ್ಲಾವಿಯಾದ ಲ್ಯುಬ್ಲ್ಯಾನಾ ನಗರದಲ್ಲಿ ಬೋಧಿಸುತ್ತಿದ್ದಾಗ ಕುಟುಂಬವೂ ಅಲ್ಲಿ ನೆಲೆಸಿತ್ತು. ಆ ದಿನಗಳ ಪ್ರವಾಸಗಳಲ್ಲಿ ತಂದೆಯು ಮಗಳಿಗೆ ಡ್ರಾಕುಲಾನ ಕಥೆಗಳನ್ನು ಹೇಳುತ್ತಿದ್ದರು. ಮುಂದೆ 1994ರಲ್ಲಿ, ತಂದೆಯೊಬ್ಬ ಮಗಳಿಗೆ ಡ್ರಾಕುಲಾನ ಕಥೆ ಹೇಳುತ್ತಿರುವಾಗ ಸ್ವತಃ ಡ್ರಾಕುಲಾನೇ ಕೇಳಿಸಿಕೊಳ್ಳುತ್ತಿದ್ದರೆ ಹೇಗೆ ಎಂಬ ಆಲೋಚನೆಯು ಕಾದಂಬರಿಗೆ ಬೀಜವಾಯಿತು. ಬರವಣಿಗೆಗೆ ಸುಮಾರು ಹತ್ತು ವರ್ಷಗಳು ಹಿಡಿದವು. ಹಸ್ತಪ್ರತಿಯು ಅಪೂರ್ಣವಾಗಿದ್ದಾಗಲೇ 2003ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ಹಾಪ್‌ವುಡ್ ಪ್ರಶಸ್ತಿಯನ್ನು ಪಡೆಯಿತು.

ಹಸ್ತಪ್ರತಿಗಾಗಿ ಪ್ರಕಾಶಕರ ನಡುವೆ ಹರಾಜು ನಡೆದು, ಲಿಟ್ಲ್, ಬ್ರೌನ್ ಸಂಸ್ಥೆಯು 20 ಲಕ್ಷ ಡಾಲರ್ ನೀಡಿ ಹಕ್ಕನ್ನು ಪಡೆಯಿತು. ಅದುವರೆಗೆ ಅಪರಿಚಿತರಾಗಿದ್ದ ಲೇಖಕಿಯೊಬ್ಬರ ಮೊದಲ ಕೃತಿಗೆ ಇದು ಅಸಾಮಾನ್ಯ ಮೊತ್ತವಾಗಿತ್ತು. ಡ್ಯಾನ್ ಬ್ರೌನ್ ಅವರ ದ ಡಾ ವಿಂಚಿ ಕೋಡ್ 2003ರಲ್ಲಿ ಪ್ರಕಟವಾಗಿ ಭಾರೀ ಜನಪ್ರಿಯತೆ ಗಳಿಸಿದ್ದರಿಂದ, ಇತಿಹಾಸದ ರಹಸ್ಯಗಳನ್ನು ಆಧರಿಸಿದ ಕಾದಂಬರಿಗಳಿಗೆ ಆಗ ಬೇಡಿಕೆಯಿತ್ತು. ದಿ ಹಿಸ್ಟೋರಿಯನ್ ಕೃತಿಯನ್ನೂ ಅದೇ ಸಾಲಿನ ಕೃತಿಯೆಂಬಂತೆ ಪ್ರಚಾರ ಮಾಡಲಾಯಿತು. ಬಿಡುಗಡೆಯಾದ ಮೊದಲ ವಾರದಲ್ಲಿಯೇ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಮಾರಾಟ ಪಟ್ಟಿಯಲ್ಲಿ ಪ್ರಥಮ ಸ್ಥಾನಕ್ಕೇರಿದ ಮೊದಲ ಚೊಚ್ಚಲ ಕಾದಂಬರಿ ಎಂಬ ದಾಖಲೆ ಇದರದಾಯಿತು. ಸೋನಿ ಸಂಸ್ಥೆಯು ಚಲನಚಿತ್ರದ ಹಕ್ಕನ್ನು 15 ಲಕ್ಷ ಡಾಲರಿಗೆ ಖರೀದಿಸಿತು.

ಕಥಾವಸ್ತು

ಕಥೆಯು 1972ರಲ್ಲಿ ಆಮ್‌ಸ್ಟರ್‌ಡ್ಯಾಮ್ ನಗರದಲ್ಲಿ ಆರಂಭವಾಗುತ್ತದೆ. ಹದಿನಾರು ವರ್ಷದ ನಿರೂಪಕಿಗೆ ತಂದೆಯ ಗ್ರಂಥಾಲಯದಲ್ಲಿ ಹಳೆಯ ಪುಸ್ತಕವೊಂದು ದೊರೆಯುತ್ತದೆ. ಅದರ ಪುಟಗಳೆಲ್ಲ ಖಾಲಿ. ನಡುವೆ ಡ್ರ್ಯಾಗನ್ ಚಿತ್ರವೊಂದು ಮಾತ್ರ ಅಚ್ಚಾಗಿರುತ್ತದೆ. ಜೊತೆಯಲ್ಲಿ ಹಳೆಯ ಪತ್ರಗಳ ಕಟ್ಟೊಂದಿರುತ್ತದೆ. ನಿರೂಪಕಿಯ ಹೆಸರನ್ನು ಕಾದಂಬರಿಯು ಎಲ್ಲಿಯೂ ತಿಳಿಸುವುದಿಲ್ಲ. ಆಕೆಯ ಒತ್ತಾಯಕ್ಕೆ ಮಣಿದು ತಂದೆ ಪಾಲ್ ಹಿಂದಿನ ಕಥೆಯನ್ನು ಸ್ವಲ್ಪ ಸ್ವಲ್ಪವಾಗಿ ಹೇಳತೊಡಗುತ್ತಾನೆ. ಆತ ಹಠಾತ್ತನೆ ಕಣ್ಮರೆಯಾದ ಬಳಿಕ ಅವನು ಬಿಟ್ಟುಹೋದ ಪತ್ರಗಳು ಆ ಕಥೆಯನ್ನು ಮುಂದುವರಿಸುತ್ತವೆ.

ಹೀಗೆ ಮೂರು ಕಾಲಗಳ ಕಥೆಗಳು ಹೆಣೆದುಕೊಳ್ಳುತ್ತವೆ. ಮೊದಲನೆಯದು 1930ರ ಸುಮಾರಿನಲ್ಲಿ ಪ್ರಾಧ್ಯಾಪಕ ರೋಸ್ಸಿ ಕೈಗೊಂಡ ಸಂಶೋಧನೆ. ಎರಡನೆಯದು 1950ರ ದಶಕದಲ್ಲಿ, ಕಾಣೆಯಾದ ರೋಸ್ಸಿಯನ್ನು ಹುಡುಕುತ್ತ ಶಿಷ್ಯ ಪಾಲ್ ಮತ್ತು ರೋಸ್ಸಿಯ ಮಗಳು ಹೆಲೆನ್ ಇಸ್ತಾಂಬುಲ್, ಬುಡಾಪೆಸ್ಟ್ ಹಾಗೂ ಬಲ್ಗೇರಿಯಾಗಳಲ್ಲಿ ನಡೆಸುವ ಅಲೆದಾಟ. ಮೂರನೆಯದು 1972ರಲ್ಲಿ ನಿರೂಪಕಿಯು ತಂದೆಯನ್ನು ಅರಸುತ್ತ ಹೊರಡುವ ಪ್ರಯಾಣ. ಮೂರೂ ಅನ್ವೇಷಣೆಗಳ ಗುರಿ ಡ್ರಾಕುಲಾನ ನಿಜವಾದ ಸಮಾಧಿ. ಕೈಬರಹದ ಪ್ರತಿಗಳು, ಭೂಪಟಗಳು, ಯಾತ್ರಿಕ ಸನ್ಯಾಸಿಗಳ ಪತ್ರಗಳು, ಜನಪದ ಗೀತೆಗಳು ದಾರಿ ತೋರುವ ಸುಳಿವುಗಳಾಗುತ್ತವೆ.

ಐತಿಹಾಸಿಕ ಹಿನ್ನೆಲೆ

ಮೂರನೆಯ ವ್ಲಾಡ್ ಇಂದಿನ ರೊಮೇನಿಯಾದ ದಕ್ಷಿಣ ಭಾಗವಾದ ವಲಾಕಿಯಾವನ್ನು 1448ರಲ್ಲಿ ಅಲ್ಪಕಾಲ, 1456ರಿಂದ 1462ರವರೆಗೆ ಮತ್ತು ಪುನಃ 1476ರಲ್ಲಿ ಆಳಿದನು. ಆತನ ತಂದೆ ಎರಡನೆಯ ವ್ಲಾಡ್ ಡ್ರ್ಯಾಗನ್ ಪಂಥ ಎಂಬ ಕ್ಷಾತ್ರ ಸಂಘಟನೆಯ ಸದಸ್ಯನಾಗಿದ್ದುದರಿಂದ ಡ್ರಾಕುಲ್ ಎನಿಸಿಕೊಂಡನು. ಡ್ರಾಕುಲಾ ಎಂದರೆ ಡ್ರಾಕುಲ್‌ನ ಮಗ. ಬಾಲ್ಯದಲ್ಲಿ ಆಟೊಮನ್ನರ ಬಳಿ ಒತ್ತೆಯಾಳಾಗಿದ್ದ ಈತ, 1462ರಲ್ಲಿ ಸುಲ್ತಾನ ಎರಡನೆಯ ಮೆಹಮದನ ಪಾಳೆಯದ ಮೇಲೆ ರಾತ್ರಿ ದಾಳಿ ನಡೆಸಿದನು. ಶತ್ರುಗಳನ್ನು ಶೂಲಕ್ಕೇರಿಸುತ್ತಿದ್ದುದರಿಂದ ‘ಶೂಲಕ್ಕೇರಿಸುವವನು’ ಎಂಬರ್ಥದ ‘ಟೆಪೆಶ್’ ಎಂಬ ಹೆಸರು ಅಂಟಿಕೊಂಡಿತು. ಈತನನ್ನು ಸ್ನಾಗೋವ್ ದ್ವೀಪದ ಮಠದಲ್ಲಿ ಹೂಳಲಾಯಿತೆಂಬ ಪ್ರತೀತಿಯಿದ್ದರೂ, 1930ರ ದಶಕದ ಆರಂಭದಲ್ಲಿ ಅಲ್ಲಿ ನಡೆದ ಉತ್ಖನನದಲ್ಲಿ ಸಮಾಧಿಯೆಂದು ಹೇಳಲಾಗುತ್ತಿದ್ದ ಸ್ಥಳದಲ್ಲಿ ಪ್ರಾಣಿಗಳ ಮೂಳೆಗಳು ದೊರೆತವು. ಕೊಸ್ಟೋವಾ ಅವರ ಕಲ್ಪನೆಯು ಈ ತೆರವಿನಲ್ಲಿಯೇ ಬೆಳೆಯುತ್ತದೆ.

ಆದರೆ ವ್ಲಾಡ್ ರಕ್ತಪಿಶಾಚಿಯೆಂಬ ನಂಬಿಕೆ ಅವನ ಕಾಲದ್ದಲ್ಲ. ಸ್ಟೋಕರ್ 1897ರಲ್ಲಿ ತಮ್ಮ ಡ್ರಾಕುಲಾ ಕಾದಂಬರಿಯನ್ನು ಪ್ರಕಟಿಸಿದಾಗ, ಆ ಹೆಸರನ್ನು ವಿಲಿಯಂ ವಿಲ್ಕಿನ್‌ಸನ್ ಅವರ 1820ರ ಗ್ರಂಥವೊಂದರಿಂದ ಎತ್ತಿಕೊಂಡಿದ್ದರು. ಅರಸನಿಗೂ ಪಿಶಾಚಿಗೂ ಇರುವ ನಂಟನ್ನು ಜನಪ್ರಿಯಗೊಳಿಸಿದ್ದು ರೇಮಂಡ್ ಮೆಕ್‌ನ್ಯಾಲಿ ಮತ್ತು ರಾಡು ಫ್ಲೊರೆಸ್ಕು ಎಂಬ ಇತಿಹಾಸಕಾರರು 1972ರಲ್ಲಿ ಹೊರತಂದ ಗ್ರಂಥ.

ಓದುಗರ ಪ್ರತಿಕ್ರಿಯೆ

ಮೆಚ್ಚುಗೆ

ಕಾದಂಬರಿಯನ್ನು ಮೆಚ್ಚಿದವರು ಮುಖ್ಯವಾಗಿ ಅದರ ಸ್ಥಳವರ್ಣನೆಯನ್ನು ಪ್ರಶಂಸಿಸಿದರು. ಇಸ್ತಾಂಬುಲಿನ ಪತ್ರಾಗಾರಗಳು, ಶೀತಲ ಸಮರದ ಕಾಲದ ಬುಡಾಪೆಸ್ಟ್, ಬಲ್ಗೇರಿಯಾದ ಹಳ್ಳಿಗಳು ಮತ್ತು ಮಠಗಳು, ಅಲ್ಲಿಯ ಊಟೋಪಚಾರ ಇವೆಲ್ಲವೂ ಪ್ರವಾಸಕಥನದ ಸೊಗಸನ್ನು ತಂದಿವೆ ಎಂಬುದು ಅವರ ಅಭಿಪ್ರಾಯ. ಕಡತಗಳ ನಡುವೆ ಸುಳಿವು ಹುಡುಕುವ ವಿದ್ವಾಂಸರ ಕೆಲಸವನ್ನು ಸಾಹಸವನ್ನಾಗಿ ಮಾರ್ಪಡಿಸಿದ್ದನ್ನೂ ಅವರು ಮೆಚ್ಚಿದರು. ರಕ್ತಪಾತದ ದೃಶ್ಯಗಳು ವಿರಳವಾಗಿರುವುದನ್ನು ಸಂಯಮದ ಗುರುತೆಂದು ಸ್ವಾಗತಿಸಿದರು. ಇಡೀ ಪುಸ್ತಕದಲ್ಲಿ ಒಂದು ಬಟ್ಟಲಿಗಿಂತ ಹೆಚ್ಚು ರಕ್ತ ಚೆಲ್ಲಬಾರದೆಂದು ತಾವು ನಿಶ್ಚಯಿಸಿದ್ದಾಗಿ ಲೇಖಕಿಯೂ ಹೇಳಿಕೊಂಡಿದ್ದಾರೆ. ವಿಲ್ಕಿ ಕಾಲಿನ್ಸ್ ಮೊದಲಾದ ಹತ್ತೊಂಬತ್ತನೆಯ ಶತಮಾನದ ಲೇಖಕರೇ ಅವರಿಗೆ ಮಾದರಿಯಾಗಿದ್ದರು.

ಆಕ್ಷೇಪಗಳು

ಆಕ್ಷೇಪಗಳಲ್ಲಿ ಮೊದಲನೆಯದು ಗಾತ್ರ ಮತ್ತು ಗತಿಗೆ ಸಂಬಂಧಿಸಿದ್ದು. ಕಾದಂಬರಿಯು 600ಕ್ಕೂ ಹೆಚ್ಚು ಪುಟಗಳಷ್ಟಿದೆ. ಒಂದು ಗ್ರಂಥಾಲಯದಿಂದ ಇನ್ನೊಂದಕ್ಕೆ ಸಾಗುವ ಪ್ರಯಾಣಗಳು ಪುನರಾವರ್ತನೆಯಾಗುತ್ತವೆ. ಭಯಾನಕ ಕಥೆಯನ್ನು ನಿರೀಕ್ಷಿಸಿದ ಓದುಗರಿಗೆ ಡ್ರಾಕುಲಾನ ನೇರ ದರ್ಶನವು ಬಹಳ ತಡವಾಗಿ ಆಗುತ್ತದೆ. ಎರಡನೆಯದು ನಿರೂಪಣೆಗೆ ಸಂಬಂಧಿಸಿದ್ದು. ರೋಸ್ಸಿ, ಪಾಲ್ ಮತ್ತು ಮಗಳು ಮೂರು ತಲೆಮಾರಿನವರಾದರೂ ಮೂವರ ಧ್ವನಿಯೂ ಒಂದೇ ಬಗೆಯಾಗಿದೆ; ಅಪಾಯದ ನಡುವೆ ಅವಸರದಲ್ಲಿ ಬರೆದ ಪತ್ರಗಳು ನೂರಾರು ಪುಟಗಳಷ್ಟು ಬೆಳೆದು, ಸಂಭಾಷಣೆಗಳನ್ನೆಲ್ಲ ಯಥಾವತ್ತಾಗಿ ವರದಿ ಮಾಡುವುದು ನಂಬಲರ್ಹವಲ್ಲ ಎಂದು ಟೀಕಿಸಲಾಯಿತು. ಸ್ಟೋಕರ್ ಅವರ ಮೂಲ ಕಾದಂಬರಿಯೂ ದಿನಚರಿ ಮತ್ತು ಪತ್ರಗಳಿಂದಲೇ ಕೂಡಿದ್ದು, ಇದು ಆ ಸಂಪ್ರದಾಯದ ಮುಂದುವರಿಕೆ ಎಂಬುದು ಸಮರ್ಥಕರ ಉತ್ತರ. ಮೂರನೆಯದು ಕಾಕತಾಳೀಯಗಳ ಆಧಿಕ್ಯ. ಅನ್ವೇಷಕರು ಹೋದಲ್ಲೆಲ್ಲ ಡ್ರಾಕುಲಾನ ವಿಷಯ ಬಲ್ಲವರೇ ಎದುರಾಗುವುದು ಕೃತಕವೆನಿಸುತ್ತದೆ ಎಂಬುದು ಈ ಆಕ್ಷೇಪದ ತಿರುಳು.

ಪ್ರಚಾರದ ರೀತಿಯೂ ಈ ಭಿನ್ನಾಭಿಪ್ರಾಯಕ್ಕೆ ಕಾರಣವಾಯಿತು. ದ ಡಾ ವಿಂಚಿ ಕೋಡ್‌ನ ವೇಗವನ್ನು ಬಯಸಿ ಕೊಂಡವರಿಗೆ ನಿಧಾನಗತಿಯ, ವಿವರಪ್ರಧಾನವಾದ ಕೃತಿ ದೊರೆಯಿತು. ಪತ್ರಾಗಾರದ ಮೌನವು ಒಬ್ಬರಿಗೆ ರೋಮಾಂಚನವನ್ನೂ ಇನ್ನೊಬ್ಬರಿಗೆ ಬೇಸರವನ್ನೂ ತಂದಿತು.

ಮುಕ್ತಾಯದ ಕುರಿತ ಚರ್ಚೆ

(ಈ ಭಾಗದಲ್ಲಿ ಕಥೆಯ ರಹಸ್ಯ ಮತ್ತು ಅಂತ್ಯದ ವಿವರಗಳಿವೆ.) ಓದುಗರನ್ನು ಅತಿ ಹೆಚ್ಚು ವಿಭಜಿಸಿದ ಅಂಶವೆಂದರೆ ಡ್ರಾಕುಲಾನ ಉದ್ದೇಶ. ಕಾದಂಬರಿಯ ಡ್ರಾಕುಲಾ ಶತಮಾನಗಳಿಂದ ಪುಸ್ತಕಗಳನ್ನು ಸಂಗ್ರಹಿಸಿದ ವಿದ್ವಾಂಸ. ಡ್ರ್ಯಾಗನ್ ಚಿತ್ರದ ಪುಸ್ತಕಗಳನ್ನು ಸಂಶೋಧಕರ ಕೈಗೆ ಸೇರಿಸಿ, ಬೆದರಿಕೆಗೂ ಜಗ್ಗದೆ ಬೆನ್ನಟ್ಟಿ ಬರುವವನನ್ನು ತನ್ನ ಗ್ರಂಥಭಂಡಾರದ ಪಟ್ಟಿ ಸಿದ್ಧಪಡಿಸಲು ನೇಮಿಸಿಕೊಳ್ಳುವುದು ಆತನ ಬಯಕೆ. ಇಷ್ಟು ದೀರ್ಘ ರಹಸ್ಯಕ್ಕೆ ಗ್ರಂಥಪಾಲಕನ ಹುಡುಕಾಟವೇ ಉತ್ತರವಾದದ್ದು ನಗೆಪಾಟಲೆಂದು ಅನೇಕರು ನಿರಾಶರಾದರು. ಅಂತಿಮ ಹಣಾಹಣಿಯು ಕೆಲವೇ ಪುಟಗಳಲ್ಲಿ ಮುಗಿಯುವುದನ್ನೂ ಆಕ್ಷೇಪಿಸಲಾಯಿತು.

ಇದಕ್ಕೆ ಪ್ರತಿಯಾಗಿ, ಈ ಉದ್ದೇಶವೇ ಕೃತಿಯ ಕೇಂದ್ರವೆಂದು ವಾದಿಸುವವರಿದ್ದಾರೆ. ಡ್ರಾಕುಲಾನ ಸಂಗ್ರಹದಲ್ಲಿರುವುದು ಬಹುಪಾಲು ಕ್ರೌರ್ಯದ ಇತಿಹಾಸ. ಕೇಡನ್ನು ಅರಿಯಲು ಹೊರಟ ಇತಿಹಾಸಕಾರನು ಅದರ ಆಕರ್ಷಣೆಗೆ ಸಿಲುಕಿ ಅದರ ಸೇವಕನಾಗಬಹುದು ಎಂಬ ಎಚ್ಚರಿಕೆಯನ್ನು ಅವರು ಇಲ್ಲಿ ಕಾಣುತ್ತಾರೆ. ಕಾದಂಬರಿಯ ಶೀರ್ಷಿಕೆಯು ಅನ್ವೇಷಕರಿಗೂ ಡ್ರಾಕುಲಾನಿಗೂ ಸಮಾನವಾಗಿ ಅನ್ವಯಿಸುವುದು ಈ ಓದಿಗೆ ಪುಷ್ಟಿ ನೀಡುತ್ತದೆ.

ವ್ಲಾಡನ ಚಿತ್ರಣ

ಇತಿಹಾಸದ ವ್ಯಕ್ತಿಯನ್ನು ಪಿಶಾಚಿಯಾಗಿಸುವುದು ಎಷ್ಟರಮಟ್ಟಿಗೆ ಸಮಂಜಸವೆಂಬ ಪ್ರಶ್ನೆಯೂ ಇಂತಹ ಕೃತಿಗಳೊಡನೆ ಏಳುತ್ತದೆ. ರೊಮೇನಿಯಾದಲ್ಲಿ ವ್ಲಾಡ್ ಕ್ರೂರಿಯಾಗಿ ಮಾತ್ರವಲ್ಲದೆ, ಆಟೊಮನ್ನರನ್ನು ಎದುರಿಸಿದ, ಕಳ್ಳತನ ಮತ್ತು ಅನ್ಯಾಯಗಳನ್ನು ಕಠಿಣವಾಗಿ ದಂಡಿಸಿದ ಅರಸನಾಗಿಯೂ ನೆನಪಿನಲ್ಲಿದ್ದಾನೆ. ಕವಿ ಮಿಹಾಯ್ ಎಮಿನೆಸ್ಕು 1881ರ ಕವಿತೆಯೊಂದರಲ್ಲಿ ಆತನನ್ನು ಸ್ಮರಿಸಿದ್ದಾರೆ. 1976ರಲ್ಲಿ ಆತನ ಮರಣದ 500ನೆಯ ವರ್ಷವನ್ನು ಅಲ್ಲಿ ಅಧಿಕೃತವಾಗಿ ಆಚರಿಸಲಾಯಿತು. ಕೊಸ್ಟೋವಾ ಅವರು ಸ್ಟೋಕರ್‌ಗಿಂತ ಹೆಚ್ಚಾಗಿ ಚರಿತ್ರೆಯ ವಿವರಗಳಿಗೆ ಸ್ಥಳ ನೀಡಿದ್ದಾರೆ. ಇಸ್ತಾಂಬುಲಿನ ಪ್ರಾಧ್ಯಾಪಕ ತುರ್ಗುತ್ ಬೋರಾನ ಪಾತ್ರದ ಮೂಲಕ ಆಟೊಮನ್ ಪಕ್ಷದ ನೆನಪನ್ನೂ ಕಥೆಯೊಳಗೆ ತಂದಿದ್ದಾರೆ. ಹಾಗಿದ್ದರೂ ನೈಜ ದಾಖಲೆಗಳ ನಡುವೆ ಕಲ್ಪಿತ ದಾಖಲೆಗಳನ್ನು ಬೆರೆಸಿರುವುದರಿಂದ ಇವೆರಡನ್ನು ಬೇರ್ಪಡಿಸುವುದು ಸಾಮಾನ್ಯ ಓದುಗರಿಗೆ ಸುಲಭವಲ್ಲ. ಬಲ್ಗೇರಿಯಾದಲ್ಲಿ ಸಮಾಧಿಯಿದೆಯೆಂಬುದು, ಸುಲ್ತಾನನು ಡ್ರಾಕುಲಾನ ವಿರುದ್ಧ ರಹಸ್ಯ ಪಡೆಯೊಂದನ್ನು ಸ್ಥಾಪಿಸಿದನೆಂಬುದು ಕಾದಂಬರಿಯ ಕಲ್ಪನೆಗಳು.

ಭಾರತೀಯ ಕಥಾಪರಂಪರೆಯೊಡನೆ ಹೋಲಿಕೆ

ಇಂಗ್ಲಿಷಿನ ವ್ಯಾಂಪೈರ್ ಎಂಬ ಪದವು ಭಾರತೀಯ ಕಥೆಗಳಿಗೂ ಬಳಕೆಯಾಗಿದೆ. ರಿಚರ್ಡ್ ಬರ್ಟನ್ 1870ರಲ್ಲಿ ವಿಕ್ರಮ ಮತ್ತು ಬೇತಾಳನ 11 ಕಥೆಗಳನ್ನು ಇಂಗ್ಲಿಷಿಗೆ ತಂದಾಗ ಬೇತಾಳನನ್ನು ವ್ಯಾಂಪೈರ್ ಎಂದೇ ಕರೆದರು. ಆದರೆ ಚಂದಮಾಮ ಪತ್ರಿಕೆಯ ಮೂಲಕ ಕನ್ನಡದ ಮನೆಗಳಿಗೆ ಪರಿಚಿತನಾದ ಬೇತಾಳನು ರಕ್ತ ಹೀರುವವನಲ್ಲ. ಹೆಣದೊಳಗೆ ಹೊಕ್ಕು, ರಾಜನಿಗೆ ಕಥೆ ಹೇಳಿ, ಪ್ರಶ್ನೆ ಕೇಳುವವನು. ಬೇತಾಳ ಕಥೆಗಳು ಟಿಬೆಟ್ಟಿಗೂ ಹಬ್ಬಿ ಅಲ್ಲಿ ಹೊಸ ರೂಪ ಪಡೆದವು. ಹುಣಸೂರು ತಾಲ್ಲೂಕಿನ ಗುರುಪುರದಲ್ಲಿ ನೆಲೆಸಿರುವ ಟಿಬೆಟನ್ನರ ಮೂಲನಾಡಿನ ಜನಪದದಲ್ಲಿ ಎದ್ದು ನಡೆಯುವ ಹೆಣಕ್ಕೆ ರೋಲಾಂಗ್ ಎಂಬ ಹೆಸರಿದೆ. ಅದು ಬಗ್ಗಲಾರದೆಂಬ ನಂಬಿಕೆಯಿಂದ ಮನೆಯ ಬಾಗಿಲುಗಳನ್ನು ತಗ್ಗಾಗಿ ಇಡುತ್ತಿದ್ದರೆಂದು ಹೇಳಲಾಗುತ್ತದೆ. ಹೀಗಾಗಿ ಬೇತಾಳ, ರೋಲಾಂಗ್ ಮತ್ತು ಯೂರೋಪಿನ ರಕ್ತಪಿಶಾಚಿ ಒಂದೇ ಅಲ್ಲ. ಆದರೂ ಕೊಸ್ಟೋವಾ ಅವರ ಡ್ರಾಕುಲಾ ಬಲಿಗಿಂತ ಹೆಚ್ಚಾಗಿ ಬುದ್ಧಿವಂತನನ್ನು ಅರಸುವ ಕಾರಣ, ಸ್ಟೋಕರ್‌ನ ಡ್ರಾಕುಲಾನಿಗಿಂತ ರಾಜನನ್ನು ಪರೀಕ್ಷಿಸುವ ಬೇತಾಳನಿಗೆ ಸ್ವಲ್ಪ ಹತ್ತಿರನಾಗಿ ತೋರುತ್ತಾನೆ.

ನಂತರದ ಬೆಳವಣಿಗೆಗಳು

ಕಾದಂಬರಿಯು ಹಲವಾರು ಭಾಷೆಗಳಿಗೆ ಅನುವಾದಗೊಂಡಿತು. 2006ರಲ್ಲಿ ಅಮೆರಿಕದ ಸ್ವತಂತ್ರ ಪುಸ್ತಕ ಮಾರಾಟಗಾರರ ಬುಕ್ ಸೆನ್ಸ್ ಪ್ರಶಸ್ತಿಯನ್ನು ಗಳಿಸಿತು. ಕೊಸ್ಟೋವಾ ಅವರು 2007ರಲ್ಲಿ ಬಲ್ಗೇರಿಯಾದ ಸಾಹಿತ್ಯವನ್ನು ಪ್ರೋತ್ಸಾಹಿಸಲು ತಮ್ಮ ಹೆಸರಿನ ಪ್ರತಿಷ್ಠಾನವನ್ನು ಸ್ಥಾಪಿಸಿದರು. ಅವರ ಎರಡನೆಯ ಕಾದಂಬರಿ ದ ಸ್ವಾನ್ ಥೀವ್ಸ್ 2010ರಲ್ಲಿಯೂ, ಬಲ್ಗೇರಿಯಾದ ಹಿನ್ನೆಲೆಯ ದ ಶ್ಯಾಡೋ ಲ್ಯಾಂಡ್ 2017ರಲ್ಲಿಯೂ ಪ್ರಕಟವಾದವು.