ಬಾವಂಚಿ ಬೀಜ, ಬಿಸಿಲು ಮತ್ತು ಸೆಂಟ್ರಲ್ ಕಾಲೇಜು

ಬೇಸಿಗೆಯಲ್ಲಿ ಬನಹಟ್ಟಿಗೆ ಹೋದಾಗ ಕಾಕಿಯ ಕೈ ನೋಡಿ ಗಾಬರಿಯಾಯ್ತು. ಮೊಣಕೈ ತನಕ ನೀರು ತುಂಬಿದ ಬೊಬ್ಬೆಗಳು. ಯಾರೋ ಹೇಳಿದರೆಂದು ಕೈಮೇಲಿನ ತೊನ್ನಿಗೆ ಬಾವಂಚಿ ಬೀಜ ಅರೆದು ಹಚ್ಚಿ ಬಿಸಿಲಿಗೆ ಕೂತಿದ್ದಳಂತೆ. "ಮೊದಲನೇ ದಿನಾ ಏನೂ ಆಗ್ಲಿಲ್ಲಪಾ, ಅದಕ್ಕ ಮರುದಿನ ಜಾಸ್ತಿ ಹೊತ್ತು ಕುಂತೆ. ಗಿಡದ ಔಷಧ, ಏನ್ ಮಾಡತೈತಿ ಅಂತ" ಅಂದಳು. ಜಮಖಂಡಿ, ಮುಧೋಳ, ಬೀಳಗಿ ಕಡೆಯ ಏಪ್ರಿಲ್ ಬಿಸಿಲು ಎಂಥದ್ದು ಅಂತ ಬೆಂಗಳೂರಿನವರಿಗೆ ಹೇಳಿ ತಿಳಿಸೋದು ಕಷ್ಟ.

ವಾಪಸ್ ಬಂದವನು ಎರಡು ರಾತ್ರಿ ಕೋಡ್ ಬಿಟ್ಟು ಈ ಬೀಜದ ಹಿಂದೆ ಬಿದ್ದೆ. ಅದರ ಚರಿತ್ರೆಯ ಮುಖ್ಯ ಪುಟವೊಂದು ನಾನು ಬೈಕಿನಲ್ಲಿ ಎಷ್ಟೋ ಸಲ ದಾಟಿ ಹೋದ ಸೆಂಟ್ರಲ್ ಕಾಲೇಜಿನಲ್ಲೇ ಇತ್ತು!

ಬಾವಂಚಿ ಅಂದರೆ ಸಂಸ್ಕೃತದ ಬಾಕುಚಿ. ಆಯುರ್ವೇದದಲ್ಲಿ ತೊನ್ನಿಗೆ ಇದು ಬಹಳ ಹಳೆಯ ಮದ್ದು. ಈಜಿಪ್ಟಿನಲ್ಲಿ ಇದೇ ಕೆಲಸಕ್ಕೆ ಅಮ್ಮಿ ಮಾಜಸ್ ಅನ್ನೋ ಬೇರೆ ಗಿಡ. ಎರಡೂ ಕಡೆ ಮದ್ದಿನ ಜತೆ ಬಿಸಿಲು ಬೇಕೇ ಬೇಕು. 1933ರಲ್ಲಿ ಸೆಂಟ್ರಲ್ ಕಾಲೇಜಿನ ಎಚ್.ಎಸ್. ಜೋಯಿಸ್, ಬಿ.ಎಲ್. ಮಂಜುನಾಥ್, ಎಸ್. ವೆಂಕಟರಾವ್ ಬಾವಂಚಿ ಬೀಜದಿಂದ ಸೊರಾಲಿನ್ ಬೇರ್ಪಡಿಸಿದ ವಿವರವನ್ನು ಇಂಡಿಯನ್ ಕೆಮಿಕಲ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಅಲ್ಲಿಯವರೆಗೆ ಚಿಟಿಕೆ, ಚಮಚದ ಲೆಕ್ಕದಲ್ಲಿದ್ದದ್ದು ಇನ್ನು ತೂಕ ಮಾಡಬಹುದಾದ ವಸ್ತುವಾಯ್ತು. 1948ರಲ್ಲಿ ಈಜಿಪ್ಟಿನ ಎಲ್ ಮೊಫ್ತಿ ಅಮ್ಮಿಯಿಂದ ತೆಗೆದ ಸೊರಾಲಿನ್ ಜಾತಿಯ ವಸ್ತುವಿನಿಂದ ತೊನ್ನಿಗೆ ಚಿಕಿತ್ಸೆ ಕೊಟ್ಟ ವರದಿ ಬರೆದರು. 1974ರಲ್ಲಿ ಅಮೆರಿಕದಲ್ಲಿ ಸೋರಿಯಾಸಿಸ್‌ಗೂ ಸೊರಾಲಿನ್ ಜತೆ ನೇರಳಾತೀತ ಬೆಳಕು ಬಳಸುವ 'ಪುವಾ' ಚಿಕಿತ್ಸೆ ಬಂತು.

ಸೊರಾಲಿನ್ ಜೀವಕೋಶದ ಡಿಎನ್‌ಎ ಎಳೆಗಳ ನಡುವೆ ಹೋಗಿ ಕೂತಿರುತ್ತದೆ. 320ರಿಂದ 400 ನ್ಯಾನೋಮೀಟರಿನ ನೇರಳಾತೀತ ಕಿರಣ ಬಿದ್ದಾಗ ಎರಡೂ ಎಳೆಗಳನ್ನು ಹೊಲಿದುಬಿಡುತ್ತದೆ. ಸುಟ್ಟದ್ದು ಕಾಣೋದು ಒಂದೆರಡು ದಿನ ಬಿಟ್ಟು, ಕೆಲವೊಮ್ಮೆ ಮೂರನೇ ದಿನ. ಕಾಕಿ ಮೋಸಹೋದದ್ದು ಇಲ್ಲೇ. (ಶುಕ್ರವಾರ ಹಾಕಿದ ಕೋಡು ಸೋಮವಾರ ಕೈಕೊಟ್ಟ ಹಾಗೆ :-) )

ಆಸ್ಪತ್ರೆಯಲ್ಲಿ ಮಾತ್ರೆಗೂ ಬೆಳಕಿಗೂ ಅಳತೆ ಇರುತ್ತದೆ, ಮಾತ್ರೆ ನುಂಗಿದ ದಿನ ಕಣ್ಣಿಗೆ ಕಪ್ಪು ಕನ್ನಡಕ. ಅಷ್ಟಾದರೂ ವರ್ಷಗಟ್ಟಲೆ ತೆಗೆದುಕೊಂಡವರಲ್ಲಿ ಚರ್ಮದ ಕ್ಯಾನ್ಸರ್ ಹೆಚ್ಚಿದ್ದು ಕಂಡುಬಂದು, ಈಗ ಬಹಳಷ್ಟು ಕಡೆ ಸೊರಾಲಿನ್ ಬೇಡದ ಯುವಿಬಿ ಬೆಳಕನ್ನೇ ಬಳಸುತ್ತಾರೆ. ಬಾವಂಚಿ ನುಂಗಿ ಯಕೃತ್ತು ಕೆಟ್ಟ ವರದಿಗಳೂ ಇವೆ. ಸಂತೆಯ ಪುಡಿಯಲ್ಲಿ ಸೊರಾಲಿನ್ ಎಷ್ಟಿದೆ ಅಂತ ಮಾರುವವನಿಗೂ ಗೊತ್ತಿರೋದಿಲ್ಲ.

ಫೋನಿನಲ್ಲಿ ಇದನ್ನೆಲ್ಲ ಹೇಳಿದೆ. ಕಾಕಿ ಪೂರ್ತಿ ಕೇಳಿ, "ಹಂಗಾರ ಆ ಡಬ್ಬಿ ಬಚ್ಚಲ ಒಲಿಗೆ ಹಾಕತೇನಿ. ಈ ಕೈ ಚರ್ಮದ ಡಾಕ್ಟರಿಗೆ ತೋರಸಾಕ ನೀ ಯಾವಾಗ ಬರ್ತಿ ಹೇಳು" ಅಂದಳು. ಶನಿವಾರಕ್ಕೆ ಟಿಕೆಟ್ ಮಾಡಿಸಿದ್ದೇನೆ.