ಮಾಗಿಯ ಚಳಿ ಮತ್ತು ಮೈಸೂರಿನ ಬೋನ್ಸಾಯ್

ಬೋನ್ಸಾಯ್ ಮರಗಳನ್ನು ಚಳಿಯಿಂದ ಕಾಯುವ ಪದ್ಧತಿ ಬೆಳೆದದ್ದು ಹಿಮ ಬೀಳುವ ನಾಡುಗಳಲ್ಲಿ. ಚೀನಾದಲ್ಲಿ 706ರ ಸುಮಾರಿನ ರಾಜಕುಮಾರನೊಬ್ಬನ ಸಮಾಧಿಯ ಭಿತ್ತಿಚಿತ್ರದಲ್ಲಿ ಪುಟ್ಟ ಗಿಡವಿರುವ ತಟ್ಟೆ ಹಿಡಿದ ಪರಿಚಾರಕರಿದ್ದಾರೆ. ಆ ಕಲೆ ಜಪಾನಿಗೆ ಹೋಗಿ ಪಳಗಿತು. ನೆಲದ ಮರದ ಬೇರಿಗೆ ಮಣ್ಣಿನ ಆಳವೇ ಕಂಬಳಿ. ನಾಲ್ಕು ಬೆರಳು ಆಳದ ತಟ್ಟೆಯಲ್ಲಿ ಆ ರಕ್ಷಣೆ ಇಲ್ಲ. ಬೇರು ಕಾಂಡದಷ್ಟು ಚಳಿ ತಾಳುವುದಿಲ್ಲ. ಮಣ್ಣು ಹೆಪ್ಪುಗಟ್ಟಿದರೆ ನೀರೂ ಮೇಲೇರದು. ಹಾಗಾಗಿ ಜಪಾನಿನ ತೋಟಗಾರರು ಕುಂಡಗಳನ್ನು ‘ಮುರೊ’ ಎಂಬ ಮರೆಯೊಳಗಿಡುತ್ತಾರೆ. ಅಲ್ಲಿ ಮರವನ್ನು ಬೆಚ್ಚಗಿಡುವುದಿಲ್ಲ. ಮೇಪಲ್, ಪೈನ್‌ಗಳಿಗೆ ಚಳಿಗಾಲದ ನಿದ್ದೆ ಬೇಕೇ ಬೇಕು. ಹೆಪ್ಪುಗಟ್ಟದಂತೆ, ಚಿಗುರದಂತೆ ತಣ್ಣಗಿಟ್ಟರೆ ಸಾಕು.

ಚಳಿಯ ದೇಶಗಳ ಇಂಥ ಏರ್ಪಾಡು ಕರ್ನಾಟಕಕ್ಕೆ ಬಂದಾಗ ಕೆಲಸ ಬದಲಾಯಿಸಿಕೊಂಡದ್ದು ಹೊಸತಲ್ಲ. ಯುರೋಪಿನಲ್ಲಿ ಉಷ್ಣವಲಯದ ಗಿಡಗಳನ್ನು ಉಳಿಸಲು ಕಟ್ಟುತ್ತಿದ್ದ ಗಾಜಿನ ಮನೆ, 1889ರಲ್ಲಿ ಲಾಲ್‌ಬಾಗ್‌ನಲ್ಲಿ ಶಂಕುಸ್ಥಾಪನೆಗೊಂಡು ಫಲಪುಷ್ಪ ಪ್ರದರ್ಶನದ ಸಭಾಂಗಣವಾಯಿತು.

ಮೈಸೂರಿನಲ್ಲಿ ಬೋನ್ಸಾಯ್ ಎಂದರೆ ಮೊದಲು ನೆನಪಾಗುವುದು ನಂಜನಗೂಡು ರಸ್ತೆಯ ಗಣಪತಿ ಸಚ್ಚಿದಾನಂದ ಆಶ್ರಮ. 1966ರಲ್ಲಿ ಸ್ಥಾಪನೆಯಾದ ಈ ಆಶ್ರಮದಲ್ಲಿ ಮುಂದೆ ‘ಕಿಷ್ಕಿಂಧಾ ಮೂಲಿಕಾ ಬೋನ್ಸಾಯ್ ವನ’ ರೂಪುಗೊಂಡಿತು. ಇಲ್ಲಿಯ ಅಂತರರಾಷ್ಟ್ರೀಯ ಬೋನ್ಸಾಯ್ ಸಮ್ಮೇಳನ ನಡೆದದ್ದು 2016ರ ಡಿಸೆಂಬರಿನಲ್ಲಿ. ಜಪಾನಿನಲ್ಲಿ ಮೇಪಲ್‌ಗಳು ಬೋಳಾಗಿ ಮಲಗಿರುವ ತಿಂಗಳದು. ಮೈಸೂರಿನಲ್ಲಿ ಆಲ, ಗೋಳಿಗಳು ಎಲೆ ಹೊತ್ತೇ ನಿಂತಿರುತ್ತವೆ.

ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದ ಈ ಊರಿನಲ್ಲಿ ಹಿಮ ಕಟ್ಟುವುದಿಲ್ಲ. 2012ರ ಜನವರಿ 16ರಂದು ಪಾದರಸ 7.7 ಡಿಗ್ರಿಗೆ ಇಳಿದದ್ದೇ ದಾಖಲೆ. ಆದರೂ ಆಲದ ಜಾತಿಯ ಮರಗಳು 10 ಡಿಗ್ರಿಯ ಆಸುಪಾಸಿನಲ್ಲಿ ಬೆಳವಣಿಗೆ ನಿಲ್ಲಿಸುತ್ತವೆ. ಬೇರು ನೀರು ಹೀರುವುದು ನಿಧಾನವಾಗುತ್ತದೆ. ಧನುರ್ಮಾಸದಲ್ಲಿ ಕುಂಡ ಕೆಡುವುದು ಹೆಚ್ಚಾಗಿ ಚಳಿಯಿಂದಲ್ಲ, ಬೇಸಿಗೆಯ ಲೆಕ್ಕದಲ್ಲೇ ಸುರಿದ ನೀರಿನಿಂದ. ಸಂಜೆ ನೀರೆರೆದರೆ ಮಣ್ಣು ರಾತ್ರಿಯಿಡೀ ತಣ್ಣಗೆ ಒದ್ದೆಯಾಗಿದ್ದು ಬೇರು ಕೊಳೆಯುತ್ತದೆ. ಬಿಸಿಲೇರಿದ ಮೇಲೆ, ಮೇಲ್ಮಣ್ಣು ಒಣಗಿರುವುದನ್ನು ಬೆರಳಿನಿಂದ ನೋಡಿಯೇ ನೀರು ಹಾಕಬೇಕು. ಗೊಬ್ಬರ ಕಡಿಮೆ ಮಾಡಿ, ಬೇರು ಕತ್ತರಿಸಿ ಕುಂಡ ಬದಲಿಸುವ ಕೆಲಸವನ್ನು ಬೆಚ್ಚನೆಯ ದಿನಗಳಿಗೆ ಬಿಡುವುದು ಕ್ಷೇಮ. ಬೀಸುಗಾಳಿಯ ಕಡೆಯಿಂದ ಗೋಡೆಯ ಮಗ್ಗುಲಿಗೆ ಸರಿಸಿದರೆ ಚಳಿಯ ಮಟ್ಟಿಗೆ ಅಷ್ಟೇ ರಕ್ಷಣೆ ಸಾಕು. ಪ್ಲಾಸ್ಟಿಕ್ ಹೊದಿಸಿದರೆ ತೇವ ಒಳಗೇ ಉಳಿದು ಬೂಷ್ಟು ಹಿಡಿಯುವುದೇ ಹೆಚ್ಚು.

ಚಿತ್ರ ನೋಡಿ ಆಸೆಪಟ್ಟು ಜಪಾನಿ ಮೇಪಲ್ ತಂದವರ ಪಾಡು ಬೇರೆ. ಆ ಮರಕ್ಕೆ ಮೈಸೂರಿನ ಮಾಗಿ ಸಾಲುವುದೇ ಇಲ್ಲ. ನಿದ್ದೆ ಸಿಗದೆ ವರ್ಷದಿಂದ ವರ್ಷಕ್ಕೆ ಸೊರಗುತ್ತದೆ. ಆಲ, ಹುಣಿಸೆಗಳಿಗೆ ಆ ತೊಂದರೆ ಇಲ್ಲ. ಅವುಗಳ ಪರೀಕ್ಷೆ ಶುರುವಾಗುವುದು ಶಿವರಾತ್ರಿಗೆ ಚಳಿ ‘ಶಿವ ಶಿವ’ ಎಂದು ಹೋದ ಮೇಲೆ. 2016ರ ಏಪ್ರಿಲ್‌ನಲ್ಲಿ ತಾಪಮಾನ 39 ಡಿಗ್ರಿ ದಾಟಿತ್ತು. ಆಳವಿಲ್ಲದ ತಟ್ಟೆಗೆ ಅಂಥ ದಿನಗಳಲ್ಲಿ ನೆರಳುಬಲೆ ಬೇಕು, ಎರಡು ಹೊತ್ತು ನೀರೂ ಬೇಕು.